ಬೆರಳಚ್ಚುಗಾರ್ತಿಯ ಪ್ರತಿ

ಬರ್ನಿಯ ನ್ಯಾಯಾಲಯ, ಎರಡನೆಯ ಕೋಣೆ, ಮಂಗಳವಾರ.
ಹೀಟರು ಕೆಟ್ಟು ಎಲ್ಲರೂ ಕೋಟಿನಲ್ಲೇ.
ಕೊರೋನರ್ ಪೆಟಿಫರ್ ಮೇಡಂ ಮೂಗೊರೆಸಿಕೊಂಡು ಕೇಳಿದರು:
ಊನಾ ಗ್ಯಾರಿಟಿಯನ್ನು ಕಡೆಯದಾಗಿ ಮಾತಾಡಿಸಿದವರು ಯಾರು?

ಎದ್ದವನು ಹಡಗಿನವನಲ್ಲ, ಹಣ್ಣು ತಪಾಸಣೆಯವನು.
ಜೀಲಾಂಗಿನ ಬಂದರಲ್ಲಿ ಅವನ ಕೆಲಸವೇ ಅದು:
ದ್ವೀಪಕ್ಕೆ ಹುಳ ದಾಟದಂತೆ
ಹಣ್ಣು ತರಕಾರಿ ಕಸಿದು ತೊಟ್ಟಿಗೆ ಹಾಕುವುದು.
ಎರಡು ಸೇಬಿದ್ದವು ಆಕೆಯ ಬಳಿ.
ಒಂದನ್ನು ಕೊಟ್ಟಳು. ಇನ್ನೊಂದನ್ನು
ಕಾರಿನ ಕಿಟಕಿ ಇಳಿಸಿ, ಹಿಂದೆ ಸಾಲು ಬೆಳೆಯುತ್ತಿರಲು,
ಅಲ್ಲೇ ತಿಂದಳು.
ಪೂರ್ತಿಯೆ?
ಪೂರ್ತಿ, ಮೇಡಂ. ಬೀಜ ಸಮೇತ. ತೊಟ್ಟು ಮಾತ್ರ ನನ್ನ ಕೈಗಿತ್ತಳು.
ಹಸಿದಿದ್ದಳೆ?
ಇಲ್ಲ. ಬಿಸಾಡಲು ಮನಸ್ಸಿಲ್ಲದವರ ಹಾಗೆ ಕಂಡಳು.

ಆಮೇಲೆ ಅಂಕಿಗಳು ಬಂದವು.
ಕ್ಯಾಬಿನ್ನಿನ ಕಾರ್ಡು ಹನ್ನೊಂದು ನಲವತ್ತೆರಡಕ್ಕೆ.
ಹತ್ತನೆಯ ಡೆಕ್ಕಿನ ಬಾಗಿಲು ಮೂರು ಹದಿನೇಳಕ್ಕೆ,
ತೆರೆದದ್ದು ಕೈಯೋ ಗಾಳಿಯೋ ಯಂತ್ರಕ್ಕೆ ತಿಳಿಯದು.
ಕ್ಯಾಮೆರಾದ ಕಣ್ಣಿಗೆ ಉಪ್ಪು ಕಟ್ಟಿತ್ತು.
ನೀರು ಹದಿಮೂರು ಡಿಗ್ರಿ.
ಹದಿಮೂರರಲ್ಲಿ ಎಷ್ಟು ಹೊತ್ತು, ಎಂದು ಕೇಳಿದರು.
ತಜ್ಞ ಮೊದಲು ಅವಳ ತಮ್ಮನ ಕಡೆ ನೋಡಿದ,
ಆಮೇಲೆ ಹೇಳಿದ.

ಬೆಳಗ್ಗೆ ಡೆವನ್‌ಪೋರ್ಟಿನಲ್ಲಿ
ಮುಂದಿನ ಕಾರುಗಳೆಲ್ಲ ಇಳಿದವು, ಒಂದು ನಿಂತಿತು.
ಹಿಂದಿದ್ದ ಕುದುರೆ ಲಾರಿಯವನು ಹಾರ್ನು ಹೊಡೆದನಂತೆ,
ಕೆಟ್ಟ ಮಾತೂ ಆಡಿದನಂತೆ.
ಅದನ್ನು ಹೇಳಲೆಂದೇ ನಾಲ್ಕು ಗಂಟೆಯ ದಾರಿ ಬಂದಿದ್ದ,
ಯಾರೂ ಸಮನ್ಸ್ ಕೊಟ್ಟಿರಲಿಲ್ಲ.
ಸೀಟಿನ ಮೇಲೆ ಓದುವ ಕನ್ನಡಕ, ಹಿಂದೆ
ಬಿಚ್ಚದ ಪ್ಯಾಕೆಟ್ಟಿನಲ್ಲಿ ಬಟ್ಟೆ ಒಣಹಾಕುವ ಐವತ್ತು ಕ್ಲಿಪ್ಪು.
ಸಾಯಹೊರಟವಳು ಕ್ಲಿಪ್ಪು ಕೊಳ್ಳುವುದಿಲ್ಲ,
ಅಂದ ತಮ್ಮ ಕಾರ್ಮಕ್, ಕಡ್ಡಿ ಮುರಿದ ಹಾಗೆ.
ನಂತರ: ಅವಳಾದರೆ ಕೊಂಡಾಳು.

ಆ ಎರಡು ಮಾತಿನ ನಡುವೆ ಹನ್ನೊಂದು ಸೆಕೆಂಡು.
ರೆಕಾರ್ಡಿಂಗ್ ಹಿಂದಕ್ಕೆಳೆದು ಎಣಿಸಿದೆ. ಯಾರದೋ ಕೆಮ್ಮು,
ಹೊರಗೆ ಕಡಲಹಕ್ಕಿಗಳ ಜಗಳ.
ಮೌನವನ್ನು ಬರೆಯಬಾರದೆಂದು ನಮಗೆ ನಿಯಮ.
ನನ್ನ ಪ್ರತಿಯಲ್ಲಿ ಎರಡೂ ಒಂದೇ ಉಸಿರಿನ ಮಾತು.

ಶುಕ್ರವಾರ ತೀರ್ಮಾನ:
ಊನಾ ಗ್ಯಾರಿಟಿ, ಅರವತ್ತೊಂದು ವರ್ಷ, ತೀರಿಕೊಂಡಿದ್ದಾಳೆ,
ಬಾಸ್ ಜಲಸಂಧಿಯಲ್ಲಿ, ಬೆಳಗಿನ ಆರರೊಳಗೆ.
ಹೇಗೆಂದು ಹೇಳಲು ಪುರಾವೆ ಸಾಲದು.
ಕಂಪನಿಯವರು ಕ್ಯಾಮೆರಾಗಳನ್ನು ವಾರಕ್ಕೊಮ್ಮೆ ಒರೆಸತಕ್ಕದ್ದು.
ಕಾರ್ಮಕ್ ಸಹಿ ಹಾಕಿ ಕ್ಲಿಪ್ಪಿನ ಪ್ಯಾಕೆಟ್ಟು ತೆಗೆದುಕೊಂಡ.
ಕನ್ನಡಕ ಬೇಡವೆಂದ.

ಮಂಗಳವಾರ, ಊಟದ ಬಿಡುವಿನಲ್ಲಿ, ಮೆಟ್ಟಿಲ ಬಳಿ
ಹಣ್ಣು ತಪಾಸಣೆಯವನು ನನ್ನನ್ನು ತಡೆದಿದ್ದ:
ಇನ್ನೊಂದನ್ನೂ ತಿಂದು ಮುಗಿಸಮ್ಮ ಅನ್ನಬಹುದಿತ್ತು,
ನನಗೆ ಮನೆಗೆ ಹೋಗುವ ಅವಸರ.
ಇದನ್ನೂ ಬರೆದುಕೊಳ್ಳುತ್ತೀರಾ?
ಮೈಕು ಆರಿಸಿದೆ, ಅಂದೆ.