ಷರಾ

ಎಣ್ಣೆ ಕಂಪನಿ ಎಂದರೆ ಹಾಸನದಲ್ಲಿ ಮೊದಲು ನಗುತ್ತಾರೆ,
ಆಮೇಲೆ ಕೇಳುತ್ತಾರೆ: ಕೊಬ್ಬರಿಯದೋ, ಹುಚ್ಚೆಳ್ಳಿನದೋ?
ಹನ್ನೊಂದು ವರ್ಷದಲ್ಲಿ ನಾನೂ ಒಂದು ತೊಟ್ಟು ನೋಡಿಲ್ಲ.
ನೋಡಿದ್ದು ಕಬ್ಬಿಣ. ರಾಜಸ್ಥಾನದ ಮರಳು, ಅಸ್ಸಾಮಿನ ಜೇಡಿ
ತಿರುಪಿನ ಸಂದಿಯಲ್ಲಿ ಕಚ್ಚಿಕೊಂಡು
ಲಾರಿಯಲ್ಲಿ ಉದ್ದಕ್ಕೆ ಮಲಗಿ ಬರುವ ಮೋಟಾರು,
ನೆಲದ ಮೂರು ಕಿಲೋಮೀಟರು ಕೆಳಗೆ
ಸುತ್ತಿ ಸುತ್ತಿ ಸುಸ್ತಾದದ್ದು.
ಇಲ್ಲಿ ಬಿಚ್ಚಿ, ತೊಳೆದು, ಸವೆದದ್ದು ತೆಗೆದು
ಮತ್ತೆ ಕಳಿಸುತ್ತಿದ್ದೆವು.

ಕಳಿಸುತ್ತಿದ್ದವರು ಅವರು.
ನಾನು ಟೂಲ್ ರೂಮಿನ ಕಿಂಡಿ. ಕೊಡುವುದು, ಬರೆದುಕೊಳ್ಳುವುದು.

ಪಟ್ಟಿ ಶುಕ್ರವಾರ ಎಂದು ಸೋಮವಾರವೇ ಗೊತ್ತಿತ್ತು.
ಮುಂದಿನ ವಾರದಿಂದ ಅಕ್ಕಿ ಹದಿನೈದು ಸೇರು ಕಮ್ಮಿ ಹಾಕು
ಎಂದು ಕ್ಯಾಂಟೀನಿನ ದ್ಯಾವಮ್ಮನಿಗೆ ಹೇಳಿದ್ದರಂತೆ.
ಆಕೆ ಲೆಕ್ಕ ಹಾಕಿದಳು. ಅರವತ್ತು ತಟ್ಟೆ.

ಹೆಸರು ಇದ್ದವರು ಪಟ್ಟಿಗೆ ಕಾದರು.
ಇಲ್ಲದವರು ಕಾಯಲಿಲ್ಲ.

ಮೊದಲು ಮುನೀರ್ ಪಾಷ. ಕತ್ತಲ ಕೋಣೆಯಲ್ಲಿ ನೀಲಿ ದೀಪ ಹಿಡಿದು
ಉಕ್ಕಿನೊಳಗಿನ ಕೂದಲೆಳೆ ಬಿರುಕು ಹುಡುಕುತ್ತಿದ್ದವನು.
ಮಸ್ಕತ್ತಿನಿಂದ ಫೋನು ಬಂದಿದೆಯಂತೆ.
ದೀಪ ಒಂದು, ಕನ್ನಡಕ ಒಂದು.
ಷರಾ: ಸರಿ ಇದೆ.

ಆಮೇಲೆ ಹಳೇಬೀಡು ಕಡೆಯ ಧರ್ಮಪಾಲ,
ಟಾರ್ಕ್ ಯಂತ್ರದ ಮುಳ್ಳು ನಡುಗುವ ಮೊದಲೇ ಕೈ ಎತ್ತುತ್ತಿದ್ದವನು.
ಬೋರ್‌ವೆಲ್ ಲಾರಿಗೆ ಹೋಗ್ತೀನಿ ಕಣಕ್ಕ, ಅಲ್ಲೂ ಕೊರೆಯೋದೇ,
ಬಂದ್ರೆ ನೀರಾದ್ರೂ ಕಣ್ಣಿಗೆ ಕಾಣುತ್ತೆ.
ಗ್ಲೌಸು ಎರಡು ಜೊತೆ. ಒಂದರ ಹೆಬ್ಬೆರಳು ತೂತು.
ಷರಾ: ಸರಿ ಇದೆ.

ಗುರುವಾರ ಮ್ಯಾನೇಜರು ಮಹಡಿಯಿಂದ ಇಳಿದು ಬಂದರು,
ಶಾಪಿಗೆ ಅವರು ಬಂದದ್ದು ಆಯುಧಪೂಜೆಯಾದ ಮೇಲೆ ಅದೇ ಮೊದಲು.
ನಿಮ್ಮ ಹೆಸರೇ ಇಲ್ಲವಲ್ಲ ಆಚಾರ್ರೇ, ನೀವ್ಯಾಕೆ?
ಮೊಗಣ್ಣಾಚಾರ್ ಕೈ ಒರೆಸುತ್ತಲೇ ಇದ್ದರು,
ಹತ್ತಿಯ ಉಂಡೆ ಪೂರ್ತಿ ಕಪ್ಪಾಗುವ ತನಕ.
ಇಲ್ಲ ಅಂದ್ರೆ, ಸಾರ್, ಇನ್ನೂ ಬರೆದಿಲ್ಲ ಅಂತ.

ಕಿಂಡಿಗೆ ಬಂದು ಒಂದೊಂದಾಗಿ ಇಟ್ಟರು.
ವರ್ನಿಯರ್. ದಾರದ ಗೇಜು, ಹನ್ನೆರಡು ಎಲೆ, ಹನ್ನೆರಡೂ ಇವೆ.
ಕೊನೆಗೆ ಹಿತ್ತಾಳೆ ಸುತ್ತಿಗೆ, ನಂಬರು ನಾನೂರ ಹದಿನೇಳು.
ಅದರ ಮೇಲಿಂದ ಕೈ ಏಳಲಿಲ್ಲ.
ತಲೆ ಕಂಪನಿಯದು, ಎಂದರು, ಹಿಡಿ ನಮ್ಮ ಹಿತ್ತಲ ಹುಣಸೆಯದು.
ಬಿಡಿಸಬೇಕಾದ್ರೆ ಸೀಳಬೇಕು.

ಸೀಳಿದ್ದರೆ ನನ್ನ ಲೆಕ್ಕ ಸರಿ ಹೋಗುತ್ತಿತ್ತು.
ನಾನು ಬರೆದೆ. ಷರಾ: ಸವೆದಿದೆ. ರದ್ದು.
ಆ ಪುಸ್ತಕದಲ್ಲಿ ನಾನು ಬರೆದ ಮೊದಲ ಸುಳ್ಳು.
ಊಟದ ಚೀಲದಲ್ಲಿ, ಮೊಸರನ್ನದ ಡಬ್ಬಿಯ ಪಕ್ಕ, ಸುತ್ತಿಗೆ ಹೊರಟಿತು.
ಹೊಳೆನರಸೀಪುರದಲ್ಲಿ ಭಾವಮೈದುನನದು
ಆಲೂಗೆಡ್ಡೆ ಜರಡಿ ಹಿಡಿಯುವ ಯಂತ್ರದ ರಿಪೇರಿಯಂತೆ.

ಪಟ್ಟಿ ಬಂತು. ಅರವತ್ತಲ್ಲ, ಐವತ್ತೆಂಟು.
ಉಳಿದವರಿಗೆ ಹೊಸ ಬೀಗ, ಹೊಸ ಹಾಜರಿ ಯಂತ್ರ.

ಮಂಗಳವಾರ ಲಾರಿ. ಮತ್ತೊಂದು ಮೋಟಾರು, ಮರಳು ಕಚ್ಚಿದ್ದು.
ಐಟಿಐ ಮುಗಿಸಿ ನಾಲ್ಕು ತಿಂಗಳಾದ ಕೀರ್ತನ್, ಗುತ್ತಿಗೆಯವನು,
ಬಾಯಿ ಬಿಡದ ಕೀಲಿನ ಮುಂದೆ ಬೆವರುತ್ತಿದ್ದ.
ಹಿತ್ತಾಳೆ ಸುತ್ತಿಗೆ ಕೊಡಕ್ಕ, ಮ್ಯಾನ್ಯುಯಲ್‌ನಲ್ಲಿ ಹಿತ್ತಾಳೆದು ಅಂತ ಇದೆ.
ಪುಸ್ತಕ ತಿರುಗಿಸಿ ತೋರಿಸಿದೆ: ರದ್ದು.
ಮರದ ಕೊಡತಿ ಕೊಟ್ಟೆ.

ಬಡಿದ. ಠಣ್.
ಇನ್ನೊಮ್ಮೆ. ಠಣ್.
ನಾನು ಯಾವ ಕೀಲನ್ನೂ ಬಿಚ್ಚಿದವಳಲ್ಲ.
ಆದರೆ ಹನ್ನೊಂದು ವರ್ಷ ಈ ಕಿಂಡಿಯಲ್ಲಿ ಕೂತು
ಬೆನ್ನು ತಿರುಗಿಸಿ ಬರೆಯುತ್ತಿರುವಾಗ
ಆಚಾರರ ಏಟು ಕೇಳಿದ್ದೇನೆ: ಅದು ಠಣ್ ಅಲ್ಲ,
ಒಳಗೆ ಯಾರೋ ಹೂಂ ಎಂದ ಹಾಗೆ.

ಪೆನ್ನು ಇಟ್ಟು ತಲೆ ಹೊರಗೆ ಹಾಕಿದೆ.
ಅಲ್ಲಲ್ಲ ಕಣೋ,
ನಾಲ್ಕು ಬೆರಳು ಈಚೆಗೆ.