ಹೆಸರು ಬಿಚ್ಚುವ ಕೆಲಸ

ನನ್ನದು ಹೊಲಿಯುವ ಕೆಲಸವಲ್ಲ, ಬಿಚ್ಚುವ ಕೆಲಸ.
ದುದ್ದದಿಂದ ಆರೂ ಮುಕ್ಕಾಲರ ಬಸ್ಸು,
ಹಾಸನದ ಕೈಗಾರಿಕಾ ವಸಾಹತು, ಮೂರನೇ ಗೇಟು,
ಬ್ಯಾಗು ತೆರೆದು ತೋರಿಸಿ, ತುರುಬು ತಡವಿಸಿಕೊಂಡು,
ಹೆಬ್ಬೆಟ್ಟು ಒತ್ತಿ ಒಳಗೆ.

ಹತ್ತು ಸಾಲು ಮಿಷನ್ನು ಹೆಸರು ಹಚ್ಚುತ್ತವೆ:
ಓರ್ಸಿನೆಲ್ಲಿ, ಮಿಲಾನೋ.
ಕಪ್ಪು ಸ್ಯಾಟಿನ್ನಿನ ಮೇಲೆ ಬೂದಿ ಬಣ್ಣದ ನೂಲು,
ಹೆಬ್ಬೆರಳಿನ ಉಗುರಿನಷ್ಟಗಲ.
ನಾನು ಹನ್ನೊಂದನೇ ಸಾಲಿನ ಕೊನೆಗೆ, ಕಿಟಕಿ ಪಕ್ಕ.
ಸಣ್ಣ ಕತ್ತರಿ, ಬಾಗಿದ ಸೂಜಿ, ಒಂದು ಟ್ಯೂಬ್‌ಲೈಟು.
ಪಾಸಾಗದ್ದೆಲ್ಲ ನನ್ನ ಮಡಿಲಿಗೆ:
ಎಳೆ ಜಾರಿದ ಸ್ಕರ್ಟು,
ಗುಂಡಿ ಕೂದಲಷ್ಟು ಸರಿದ ಕೋಟು,
ಕೆನೆ ಬಣ್ಣ ಬೇಕಿದ್ದಲ್ಲಿ
ಮಜ್ಜಿಗೆ ಬಣ್ಣ ಬಂದ ಶಾಲು.
ತಪ್ಪು ಹುಡುಕುವುದಕ್ಕೆ ನಾವು
ಹೆಸರಿಡುವುದು ಅಂತೀವಲ್ಲ,
ಇಲ್ಲಿ ಹೆಸರಿಟ್ಟ ಮೇಲೆ
ಹೆಸರು ಬಿಚ್ಚುತ್ತಾರೆ.

ಬಿಚ್ಚಿದ್ದನ್ನು ಎಣಿಸಿ ಡಬ್ಬಿಗೆ ಹಾಕಬೇಕು.
ಸಂಜೆ ಪದ್ಮರಾಜಯ್ಯನವರು ಮತ್ತೆ ಎಣಿಸಿ, ಬರೆದು, ಬೀಗ ಹಾಕುತ್ತಾರೆ.
ಒಂದು ಕಡಿಮೆ ಬಿದ್ದರೆ
ಇಡೀ ಸಾಲಿನ ಸೆರಗು ಕೊಡವಿಸುತ್ತಾರೆ.
ಶನಿವಾರ ಶೆಡ್ಡಿನ ಹಿಂದೆ ಸುಡುತ್ತಾರೆ.
ರೇಷ್ಮೆ ಅಂದುಕೊಂಡಿದ್ದೆ.
ಮುರಿದ ಬಕೆಟ್ಟು ಸುಟ್ಟ ವಾಸನೆ.

ಹೆಸರು ಕಳಕೊಂಡ ಕೋಟು
ಕಿಲೋ ಲೆಕ್ಕದಲ್ಲಿ ಸಂತೆಪೇಟೆಗೆ ಹೋಗುತ್ತದೆ,
ಗಫೂರ್ ಸಾಬರ ತಳ್ಳುಗಾಡಿಯಲ್ಲಿ ಮುನ್ನೂರೈವತ್ತು.
ನಮ್ಮ ಬೀದಿಯ ಚೆಲುವಯ್ಯ ಅದನ್ನೇ ತೊಟ್ಟು
ಕ್ಯಾನು ಹಿಡಿದು ಮಂಜಿನಲ್ಲಿ ಡೇರಿಗೆ ಹೋಗುತ್ತಾನೆ.
‘ಬೆಚ್ಚಗದೆ ಕಣವ್ವ’ ಅಂತಾನೆ.
ಅದರ ಹೆಸರಿನ ಬೆಲೆ ಒಮ್ಮೆ ಲೆಕ್ಕ ಹಾಕಿದೆ:
ಅವನ ಎರಡು ಹಸು, ಕೊಟ್ಟಿಗೆ ಸಮೇತ.
ಅವನಿಗೆ ಹೇಳಲಿಲ್ಲ.

ಅವರ ಕಾಲಮಾನವೇ ಬೇರೆ.
ನಾವು ಬಿತ್ತನೆಗೆ ಆಲೂಗಡ್ಡೆ ಕತ್ತರಿಸುವ ಬಿಸಿಲಲ್ಲಿ
ಮಿಲಾನಿಗೆ ಉಣ್ಣೆ ಬೇಕು,
ಅವರೆಕಾಯಿ ಸೊಗಡಿಗೆ ಊರೆಲ್ಲ ಘಂ ಅನ್ನುವ ಚಳಿಗೆ
ತೋಳಿಲ್ಲದ ಲಿನನ್ನು.

ಮಗಳು ಸ್ಕೂಲಿಂದ ಹಳೇಬೀಡಿಗೆ ಹೋಗಿ ಬಂದು ಹೇಳಿದಳು,
ದೇವರ ಕಾಲ ಕೆಳಗೆ
ಕೆತ್ತಿದವನ ಹೆಸರು ಇದೆಯಂತೆ.
ಯಾರೂ ಬಿಚ್ಚಲಿಲ್ವಾ, ಅಂದೆ.
ಕಲ್ಲಮ್ಮಾ ಅದು, ಅಂದಳು.

ಹೋದ ತಿಂಗಳು ಮಿಲಾನಿನಿಂದ ಒಬ್ಬಳು ಬಂದಳು, ಕ್ಯಾರಾ.
ಗೇಟಿಗೆ ಮಾವಿನ ತೋರಣ, ನಮಗೆ ಹೊಸ ಏಪ್ರನ್ನು,
ಕಕ್ಕಸಿನಲ್ಲಿ ಸೋಪು.
ಕಣ್ಣು ಮುಚ್ಚಿ ಬಟ್ಟೆ ಮುಟ್ಟುತ್ತಾಳೆ,
ಅನ್ನ ಬೆಂದಿದೆಯಾ ಅಂತ ಅಗುಳು ಹಿಸುಕಿದ ಹಾಗೆ.
ಸಾಲು ಸಾಲು ದಾಟಿ ನನ್ನ ಹತ್ತಿರ ನಿಂತಳು.
ಡಬ್ಬಿ ನೋಡಲು ಬಾಗಿದಳು.
ಕೂದಲು ಮುಂದಕ್ಕೆ ಜಾರಿತು,
ಬಿಳಿ ಅಂಗಿಯ ಕೊರಳು ಹಿಂದೆ ಬಾಯ್ಬಿಟ್ಟಿತು.

ಕಂಡೆ.
ನಾಲ್ಕು ಮೂಲೆಗೆ ನಾಲ್ಕು ತೂತು,
ನಡುವೆ ಉಗುರಿನಷ್ಟಗಲ
ಬಿಳಿಯೊಳಗೇ ಇನ್ನಷ್ಟು ಬಿಳಿ.
ಯಾರೋ ಬಿಚ್ಚಿದ್ದಾರೆ, ಅವಸರದ ಕೈ,
ಎಡ ಮೂಲೆಯಲ್ಲಿ ಒಂದೆಳೆ ಉಳಿದಿದೆ.

ಕತ್ತು ಕೆರೆಯುತ್ತಿತ್ತೇನೋ.
ಅಥವಾ ಅವರೂರಲ್ಲೂ ಒಂದು ಸಂತೆಪೇಟೆ ಇದೆಯೋ,
ಸಂಬಳ ಸಾಲದ ತಿಂಗಳು
ಅವಳೂ ರಾಶಿಯಲ್ಲಿ ಕೈಯಾಡಿಸಿದಳೋ.

ತಲೆ ಎತ್ತಿದಳು. ನನ್ನ ಕಣ್ಣು ಎಲ್ಲಿತ್ತೆಂದು ನೋಡಿದಳು.
ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು.
ಏನೋ ಅಂದಳು, ಮೆಲ್ಲಗೆ, ನಗದೆ.
ದುಭಾಷಿ ಹುಡುಗ ಹೇಳಿದ:
‘ನೀವು ಬಲು ಚೆನ್ನಾಗಿ ಬಿಚ್ಚುತ್ತೀರಂತೆ.’
ಅವಳು ಅಷ್ಟೇ ಅಂದಳಾ, ನನಗೆ ಗೊತ್ತಿಲ್ಲ.
ಹೂಂ ಅಂದೆ.

ಅವತ್ತು ನಾನ್ನೂರ ಹನ್ನೆರಡು. ಲೆಕ್ಕ ಸರಿಯಿತ್ತು.
ಪದ್ಮರಾಜಯ್ಯನವರು ಬೀಗ ಹಾಕಿದರು.
ಬಸ್ಸಲ್ಲಿ ಸೀಟು ಸಿಕ್ಕಿತು, ನಿದ್ದೆ ಬರಲಿಲ್ಲ.
ಆ ಉಳಿದ ಒಂದೆಳೆ
ದುದ್ದ ಬರುವ ತನಕ
ಬೆರಳಿಗೆ ಸಿಕ್ಕುತ್ತಲೇ ಇತ್ತು.