ಎಷ್ಟು ಪೈಪು?

ಚೇಳೂರು ರಸ್ತೆಯಲ್ಲಿ ಗೊಬ್ಬರದಂಗಡಿ ದಾಟಿದರೆ
ಶಟರು ಅರ್ಧವೇ ಏಳುವ ಅಂಗಡಿ ನನ್ನದು:
ಪ್ಯಾರೇಜಾನ್ ವೈಂಡಿಂಗ್ ವರ್ಕ್ಸ್.
ಚಿಂತಾಮಣಿ ಸುತ್ತಮುತ್ತ ನೆಲದ ಕೆಳಗೆ ಏನು ನಡೆದಿದೆ ಅಂತ
ಭೂವಿಜ್ಞಾನದವರು ಯಂತ್ರವಿಟ್ಟು ಕೇಳುತ್ತಾರೆ.
ನಾನು ಕೇಳುವುದು ಒಂದೇ ಮಾತು:
ಎಷ್ಟು ಪೈಪು?

ಒಂದು ಪೈಪೆಂದರೆ ಇಪ್ಪತ್ತಡಿ.
ಅಬ್ಬಾಜಾನರ ಪುಸ್ತಕದಲ್ಲಿ ಹನ್ನೆರಡು, ಹದಿಮೂರು,
ಮೂರು ಹೆಚ್‌ಪಿ. ಕೂಲಿಯ ಜತೆ ಒಂದು ಸೇರು ಹುರುಳಿ
ಅಂತ ಅಂಚಿನಲ್ಲಿ ಬರೆದಿದೆ.
ನನ್ನ ಕೈಬರಹ ಶುರುವಾಗುವ ಪುಟಕ್ಕೆ ಮೂವತ್ತು.
ಆಮೇಲೆ ನಲವತ್ತೆರಡು. ಐವತ್ತು.
ಮೊನ್ನೆ ಬಟ್ಲಹಳ್ಳಿ ಕಡೆಯವನೊಬ್ಬ ಎಪ್ಪತ್ತೊಂದು ಅಂದ,
ಅಜ್ಜನ ವಯಸ್ಸು ಹೇಳಿದ ಹಾಗೆ.
ಅಷ್ಟು ಆಳದ ನೀರು ಮೇಲೆ ಬಂದಾಗ ಬೆಚ್ಚಗಿರುತ್ತದೆ,
ಮಲಗಿದ್ದವರ ಕಂಬಳಿ ಕಿತ್ತುಕೊಂಡಂತೆ.

ಸುಟ್ಟ ಮೋಟಾರು ಬಿಚ್ಚಿದರೆ ಮೊದಲು ವಾಸನೆ.
ರಾತ್ರಿ ಎರಡಕ್ಕೆ ಬಂದ ಕರೆಂಟಿನಲ್ಲಿ
ಮೂರು ಫೇಸಲ್ಲಿ ಒಂದು ಕೈಕೊಟ್ಟಿತೋ,
ನೀರು ಮುಗಿದ ಮೇಲೂ ಬರಿದೇ ತಿರುಗಿತೋ,
ಮೂಸಿ ಹೇಳಬಲ್ಲೆ. ಇದನ್ನು ನನ್ನ ಹೆಂಡತಿ
ವಿದ್ಯೆ ಅನ್ನುವುದಿಲ್ಲ.
ಹತ್ತು ಹೆಚ್‌ಪಿವರೆಗೆ ಕರೆಂಟು ಪುಕ್ಕಟೆ. ಹಾಗಾಗಿ
ಒಳಗೆ ಹದಿನೈದರ ಸುತ್ತು, ಹೊರಗಿನ ತಗಡಿನಲ್ಲಿ ಹತ್ತು.
ಆ ತಗಡನ್ನು ನಾನೇ ಹೊಡೆದಿದ್ದೇನೆ, ಎಷ್ಟೋ ಸಲ.
ಸುಳ್ಳಿಗೆ ನಾಲ್ಕು ರಿವೆಟ್ಟು ಸಾಕು.

ಪಿಳ್ಳಮ್ಮನ ಮೋಟಾರನ್ನು ಮೂರು ಸಲ ಸುತ್ತಿದ್ದೆ.
ಸುತ್ತಲು ಒಂಬತ್ತು ಸಾವಿರ,
ಪೈಪೆತ್ತುವ ಗಾಡಿಗೆ ಏಳು,
ಆ ವಾರ ಒಣಗಿದ ಗಿಡಗಳಿಗೆ ಯಾರೂ ರಸೀದಿ ಕೊಡುವುದಿಲ್ಲ.
ಟೊಮ್ಯಾಟೊ ಬಾಕ್ಸು ಈ ತಿಂಗಳು ಎಂಟುನೂರು,
ಮುಂದಿನ ತಿಂಗಳು ಎಂಬತ್ತು.
ಆ ಒಂದು ಸೊನ್ನೆ ಎಲ್ಲಿ ಉದುರಿತೋ
ಮಂಡಿಯಲ್ಲೂ ಗೊತ್ತಿಲ್ಲ.
ತಾಮ್ರ ಮಾತ್ರ ಇಳಿದದ್ದು ನಾನು ಕಾಣೆ.

ಈ ಸಲ ಬಂದವಳು ರಿಪೇರಿ ಅನ್ನಲಿಲ್ಲ.
"ಒಳಗಿರೋದನ್ನ ತೂಕಕ್ಕಿಡು, ಪ್ಯಾರಣ್ಣ."
ನಾನು ಹಾಕಿದ ಸುತ್ತುಗಳನ್ನು ನಾನೇ ಕತ್ತರಿಸಿ ಎಳೆದೆ.
ಕರಗಿದ ಪ್ಲಾಸ್ಟಿಕ್ಕು ಉಗುರಿಗೆ ಅಂಟಿತು.
ಒಂಬತ್ತು ಕೆಜಿ ನಾನೂರು.
ಅವಳು ತಕ್ಕಡಿ ನೋಡಲಿಲ್ಲ,
ನನ್ನ ಕೈ ನೋಡುತ್ತಿದ್ದಳು.

"ಪೈಪು ಮಾರಿದೆ, ಟಾರ್ಪಾಲು ಬಂತು.
ಹೊಂಡ ತೋಡಿಸಿ ಹಾಸಿದೀನಿ.
ಇದ್ರಲ್ಲಿ ಮುಳ್ಳುತಂತಿ ಬರಬೇಕು, ಕರು ಬೀಳಬಾರದಲ್ಲ."
ಟೊಮ್ಯಾಟೊ?
"ಮಳೆ ಕೊಟ್ಟಷ್ಟಕ್ಕೆ ಒಂದು ಬೆಳೆ. ಮಿಕ್ಕಿದ್ದು ರಾಗಿ, ಅವರೆ.
ಬದುವಿಗೆ ನೇರಳೆ ಇಟ್ಟಿದೀನಿ,
ಮೊಮ್ಮಗಳ ನಾಲಿಗೆ ಬಣ್ಣ ಆಗಲಿ."

ಮಳೆ ಈಗ ಹೇಳಿ ಕೇಳಿ ಬರುತ್ತದಾ,
ಕಾರ್ತಿಕದಲ್ಲಿ ಸುರಿದು ರಾಗಿ ತೆನೆ
ಹೊಲದಲ್ಲೇ ಮೊಳೆತದ್ದು ಮರೆತೆಯಾ, ಅಂದೆ.
ಗಿರಾಕಿ ಕಳಕೊಳ್ಳುವವನ ಮಾತು ಅದು.
ಅವಳಿಗೂ ಗೊತ್ತಾಯಿತು.
"ಬೇಡದಾಗ ಬಂದ್ರೂ ಹೊಂಡ ಬೇಡ ಅನ್ನಲ್ಲ, ಪ್ಯಾರಣ್ಣ."

ದುಡ್ಡು ಎರಡು ಸಲ ಎಣಿಸಿದಳು.
ಐವತ್ತು ಜಾಸ್ತಿ ಬಂದಿದೆ ಅಂತ ವಾಪಸು ಕೊಟ್ಟು
ಉಳಿದದ್ದನ್ನು ಸೆರಗಿಗೆ ಕಟ್ಟಿದಳು.
ಪುಸ್ತಕ ತೆರೆದೇ ಇತ್ತು. ಅಭ್ಯಾಸಬಲ,
ಮೆಟ್ಟಿಲಿಳಿಯುತ್ತಿದ್ದವಳನ್ನು ಕೇಳಿಬಿಟ್ಟೆ:
ಹೊಂಡ ಎಷ್ಟು ಪೈಪು?

ನಿಂತಳು. ಬೆರಳು ಮಡಚಿ ಲೆಕ್ಕ ಹಾಕಿದಳು.
ನಕ್ಕಳು.
"ಅರ್ಧ."

ಅರ್ಧಕ್ಕೆ ನಮ್ಮಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ ಬರೆದುಕೊಂಡೆ,
ಅಬ್ಬಾಜಾನರ ಹುರುಳಿ ಇದ್ದ ಕಡೆ.

ಅಷ್ಟರಲ್ಲಿ ಟೆಂಪೋ ಹಿಂದಕ್ಕೆ ಬಂದು ನಿಂತಿತು,
ಗೋಣಿ ಹೊದ್ದ ಎರಡು ಮೋಟಾರು, ಇನ್ನೂ ಕೆಸರು ಸೋರುತ್ತಿತ್ತು.
ನಾನು ಬಾಯಿ ತೆರೆಯುವ ಮೊದಲೇ ಅಂದ ಹುಡುಗ:
ಅರವತ್ತೆಂಟು.
ಎಪ್ಪತ್ತಮೂರು.